ನೀವು ಬಿಚ್ಚಿದ ನಂಬರ್ ಪ್ಲೇಟು

ಪ್ರೀತಿಯ ಭಾವನವರಿಗೆ,

ಗಂಟಲಿನ ಆಪರೇಷನ್ ಆಗಿ ಒಂದು ತಿಂಗಳು ನೀವು ಮಾತಾಡುವ ಹಾಗಿಲ್ಲವೆಂದು ಅಕ್ಕ ಫೋನಿನಲ್ಲಿ ಹೇಳಿದಳು. ಮದುವೆಯಾದಾಗಿನಿಂದ ಮನೆ ಇಷ್ಟು ತಣ್ಣಗಿದ್ದದ್ದು ಇದೇ ಮೊದಲು ಎಂದು ನಕ್ಕಳು. ನನಗೆ ಮಾತ್ರ ಇದೇ ಸರಿಯಾದ ಹೊತ್ತು ಅನ್ನಿಸಿತು. ಹನ್ನೊಂದು ವರ್ಷದಿಂದ ಈ ವಿಷಯ ಎತ್ತಿದಾಗಲೆಲ್ಲ "ಆಯ್ತು ಬಿಡು ತಾಯಿ, ಮೊದಲು ಊಟ ಬಡಿಸು" ಎಂದು ಹಾರಿಸಿಬಿಡುತ್ತಿದ್ದಿರಿ. ಈಗ ನೀವು ನಡುವೆ ಬಾಯಿ ಹಾಕಲಾರಿರಿ. ಆದ್ದರಿಂದ ಪೂರ್ತಿ ಓದಿ.

ಹನ್ನೊಂದು ವರ್ಷದ ಹಿಂದಿನ ಆ ಮಧ್ಯಾಹ್ನ ಮೂರೂವರೆಗೆ ನಿಮ್ಮ ಪೇಂಟಿಂಗ್ ಶೆಡ್ಡಿನೊಳಗೆ ಕಾರು ನುಗ್ಗಿಸಿ ನಿಲ್ಲಿಸಿದಾಗ ನಾನು ಹೇಳಿದ ಮೊದಲ ಮಾತೇ ಸುಳ್ಳು. "ಬಣ್ಣ ಹೊಡೆಸ್ಬೇಕು ಭಾವ, ಪ್ಲೇಟ್ ಬಿಚ್ಚಿಬಿಡಿ." ಎರಡು ತಿಂಗಳ ಹಿಂದಷ್ಟೇ ಆ ಕಾರಿಗೆ ನೀವೇ ಬಣ್ಣ ಹೊಡೆದಿದ್ದಿರಿ. ಆದರೂ ಏನೂ ಕೇಳದೆ, ಕೈಯಲ್ಲಿದ್ದ ಮರಳುಕಾಗದ ಕೆಳಗಿಟ್ಟು, ಸ್ಕ್ರೂಡ್ರೈವರ್ ತಂದು ಹಿಂದಿನ ಪ್ಲೇಟಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿರಿ. ಅದು ಸಲೀಸಾಗಿ ಬಂತು. ಮುಂದಿನದು ಬಗ್ಗಿತ್ತು. ಅದರ ಒಂದು ಸ್ಕ್ರೂ ಓರೆಯಾಗಿ ಕಚ್ಚಿಕೊಂಡಿತ್ತು. ಎರಡು ಹನಿ ಎಣ್ಣೆ ಬಿಟ್ಟು, "ಇಳೀಲಿ, ಐದು ನಿಮಿಷ" ಎಂದು ಡಬ್ಬದ ಮೇಲೆ ಕೂತಿರಿ.

ಆ ಐದು ನಿಮಿಷ ನನಗೆ ನಿಲ್ಲಲಾಗಲಿಲ್ಲ. ಬಾಗಿಲಿಗೂ ಕಾರಿಗೂ ಓಡಾಡಿದೆ. ರಸ್ತೆಯಲ್ಲಿ ಸೈರನ್ ಕೂಗಿದರೆ ಗೋಡೆಗೆ ಅಂಟಿಕೊಂಡೆ. ನೀವು ನೋಡಿಯೂ ನೋಡದವರಂತೆ ಇದ್ದಿರಿ. ಆಮೇಲೆ ಸ್ಕ್ರೂ ತಿರುಗಿ ಪ್ಲೇಟು ಕೈಗೆ ಬಂದಾಗ ಅದರ ಹಿಂದೆ ಸಿಕ್ಕಿಕೊಂಡಿದ್ದ ನೀಲಿ ಬಟ್ಟೆಯ ಚೂರನ್ನು ಎಳೆದು ಅಂಗೈಯಲ್ಲಿಟ್ಟುಕೊಂಡಿರಿ. ಏನಾಯಿತು ಎಂದು ಕೇಳಲಿಲ್ಲ. "ಯಾರು?" ಎಂದಿರಿ.

"ಗೊತ್ತಿಲ್ಲ" ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಕೆಳಗೆ ಬಿದ್ದ ಕನ್ನಡಕದ ಡಬ್ಬಿ ಎತ್ತಲು ಬಗ್ಗಿದ್ದೆ, ತಲೆ ಎತ್ತುವಷ್ಟರಲ್ಲಿ ಸೈಕಲ್ಲು ಎದುರಿಗಿತ್ತು. ಒಬ್ಬ ಹೆಂಗಸು, ಕ್ಯಾರಿಯರ್ ಮೇಲೆ ದೊಡ್ಡ ಗಂಟು. ಕನ್ನಡಿಯಲ್ಲಿ ಕಂಡದ್ದು ರಸ್ತೆ ತುಂಬ ಹರಡಿದ ನೀಲಿ ಲಂಗಗಳು, ಅವುಗಳ ನಡುವೆ ಒಂದು ಕೈ. "ನಂಬರ್ ನೋಡ್ಕೊಳ್ರೋ" ಎಂದು ಯಾರೋ ಕೂಗಿದರು. ನನ್ನ ಕಾಲು ಬ್ರೇಕಿನ ಮೇಲೇ ಇತ್ತು ಭಾವ. ಆ ಕೂಗು ಕೇಳಿದ್ದೇ ಅದು ಪಕ್ಕದ ಆಕ್ಸಿಲರೇಟರಿಗೆ ಸರಿಯಿತು. ಡೈರಿಯ ಲ್ಯಾಬಿನಲ್ಲಿ ಕೆಲಸ ಖಾಯಂ ಆಗಿ ಹತ್ತು ದಿನವಾಗಿತ್ತು. ಅದೂ ಆ ಗಳಿಗೆಯಲ್ಲಿ ನೆನಪಾಯಿತು ಎಂದು ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ.

ಇದನ್ನೆಲ್ಲ ತಡವರಿಸುತ್ತ ಹೇಳಿ, ಇನ್ನೂ ಒಂದು ಮಾತು ಸೇರಿಸಿದೆ. ಮೂಲೆಯಲ್ಲಿ ಗುಜರಿ ಕಾರುಗಳ ಹಳೆಯ ಪ್ಲೇಟುಗಳ ರಾಶಿಯಿತ್ತಲ್ಲ, "ಅದ್ರಲ್ಲಿ ಯಾವುದಾದ್ರೂ ಹಾಕ್ಕೊಡಿ ಭಾವ, ಒಂದು ವಾರದ ಮಟ್ಟಿಗೆ." ಆ ಮಾತಿಗೆ ನೀವು ಕೆನ್ನೆಗೆ ಹೊಡೆದಿದ್ದರೂ ತಪ್ಪಿರಲಿಲ್ಲ. ಅಕ್ಕನಿಗೆ ಫೋನು ಮಾಡಬಹುದಿತ್ತು. ನನ್ನನ್ನು ಹೊರಗೆ ಕಳಿಸಿ ಬಾಗಿಲು ಎಳೆದುಕೊಳ್ಳಬಹುದಿತ್ತು. ನೀವು ಸೀಮೆಎಣ್ಣೆ ಬಟ್ಟೆಯಿಂದ ಕೈ ಒರೆಸಿಕೊಂಡು, ಹೂಜಿಯಿಂದ ನನಗೊಂದು ಲೋಟ ನೀರು ಬಗ್ಗಿಸಿ ಕೊಟ್ಟಿರಿ. ಕುಡಿದು ಮುಗಿಸುವವರೆಗೂ ಕಾದಿರಿ.

"ದಿನಕ್ಕೆ ಮೂರು ನಾಲ್ಕು ಕಾರಿನ ಪ್ಲೇಟ್ ಬಿಚ್ತೀನಿ. ಸಂಜೆ ಅದದನ್ನೇ ಹಾಕಿ ಕಳಿಸ್ತೀನಿ. ಬೇರೇದು ಹಾಕಿ ಈ ಬಾಗಿಲು ದಾಟಿಸಿದ ಕಾರು ಒಂದೂ ಇಲ್ಲ. ನೀನು ನನ್ನ ಮಗಳಿದ್ದ ಹಾಗೆ, ಅದಕ್ಕೇ ನಿನ್ನಿಂದ ಶುರು ಮಾಡಲ್ಲ" ಎಂದಿರಿ. ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಟ್ಟಿರಿ. "ಬಿಚ್ಚಿದ್ದು ನನ್ನ ತಪ್ಪು, ಕೇಳ್ದೆ ಬಿಚ್ಚಿದೆ. ಹಾಕೋದು ನೀನು ಹಾಕು. ಒಬ್ಬಳೇ ಹೋಗ್ಬೇಡ, ನಾನೂ ಬರ್ತೀನಿ."

ಬಗ್ಗಿದ ಪ್ಲೇಟನ್ನು ನೇರ ಮಾಡಿಕೊಡಿ ಎಂದದ್ದಕ್ಕೆ, "ಬಗ್ಗಿದ್ದು ಬಗ್ಗಿದ ಹಾಗೇ ಇರ್ಲಿ" ಎಂದಿರಿ. ನನ್ನ ಕೈಯಿಂದ ಸ್ಕ್ರೂ ಎರಡು ಸಲ ಕೆಳಗೆ ಬಿತ್ತು. ಎರಡು ಸಲವೂ ನೀವೇ ಕಾರಿನಡಿ ತಡಕಿ ಹುಡುಕಿ ಕೊಟ್ಟಿರಿ, ಆದರೆ ಬಿಗಿಸಲು ಮಾತ್ರ ಕೈ ಹಾಕಲಿಲ್ಲ. ಆ ನಾಲ್ಕು ಸ್ಕ್ರೂ ಬಿಗಿಸಲು ನನಗೆ ಹಿಡಿದ ಹೊತ್ತಿನಲ್ಲಿ ನೀವು ಕಾರಿನ ಒಂದು ಇಡೀ ಬಾಗಿಲಿಗೆ ಬಣ್ಣ ಹೊಡೆದು ಮುಗಿಸಬಹುದಿತ್ತು. ಕೊನೆಯದು ಬಿಗಿಯಾದಾಗ ವಿಚಿತ್ರವೆಂಬಂತೆ ಉಸಿರು ನೆಟ್ಟಗಾಯಿತು.

ದೊಡ್ಡಾಸ್ಪತ್ರೆಯಲ್ಲಿ ಸೈಕಲ್ಲಿನ ಆಕೆ ಸಿಕ್ಕರು. ಶಾಲೆಯ ಸಮವಸ್ತ್ರ ಹೊಲಿಯುವ ದರ್ಜಿ. ಬಲಗಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಗುದ್ದಿದ್ದು ನಾನೇ ಎಂದು ಹೇಳಿದಾಗ ಕಣ್ಣು ಮುಚ್ಚಿಕೊಂಡರು. "ನಿಂತಿದ್ರೆ ಸಾಕಿತ್ತಲ್ಲಮ್ಮ" ಎಂದರು. ಅಷ್ಟೇ. ಅವರು ಬೈದಿದ್ದರೆ ನಾನು ಇಷ್ಟು ವರ್ಷ ಆ ಮಾತನ್ನು ಕೇಳಿಸಿಕೊಳ್ಳುತ್ತ ಇರುತ್ತಿರಲಿಲ್ಲ.

ಠಾಣೆಯಲ್ಲಿ ಪೇದೆ ಕಾರಿನ ಸುತ್ತ ಬಂದು, ಸ್ಕ್ರೂ ಈಗಷ್ಟೇ ತಿರುಗಿಸಿದ ಹಾಗಿದೆಯಲ್ಲ ಎಂದು ಗೊಣಗಿದರು. ನಾನು ಬಾಯಿ ತೆರೆಯುವ ಮೊದಲೇ ನೀವು ಮುಂದೆ ಬಂದು, "ನಾನೇ ಬಿಚ್ಚಿದ್ದು. ಬರ್ಕೊಳ್ಳಿ" ಎಂದಿರಿ. ಆ ಒಂದು ಸಾಲಿಗೆ ನಿಮ್ಮನ್ನು ಮೂರು ಸಲ ಕರೆಸಿ ಗಂಟೆಗಟ್ಟಲೆ ಬೆಂಚಿನ ಮೇಲೆ ಕೂರಿಸಿದರು. ಶೆಡ್ಡಿನಲ್ಲಿದ್ದ ಹಳೆಯ ಪ್ಲೇಟುಗಳನ್ನೆಲ್ಲ ಹೊರಗೆ ಸುರಿಸಿ ಒಂದೊಂದನ್ನೂ ಪರೀಕ್ಷಿಸಿದರು. ನಾನು ಅತ್ತರೆ, "ಬಿಡು, ಮೂಲೆ ಕ್ಲೀನ್ ಆಯ್ತು" ಎಂದಿರಿ.

ನನ್ನ ಲೈಸೆನ್ಸು ಒಂದು ವರ್ಷ ರದ್ದಾಯಿತು. ಆ ವರ್ಷ ಪೂರ್ತಿ ಬೆಳಿಗ್ಗೆ ಏಳೂಕಾಲಿಗೆ ನನ್ನನ್ನು ಡೈರಿಗೆ ಬಿಟ್ಟು ಆಮೇಲೆ ಶೆಡ್ಡು ತೆರೆದಿರಿ. ಅಕ್ಕ ಏಕೆಂದು ಕೇಳಿದಾಗ, "ನಿನ್ ತಂಗಿ ಹೇಳ್ತಾಳೆ" ಎಂದು ಹನ್ನೆರಡು ದಿನ ಕಾದಿರಿ. ನಾನೇ ಹೇಳಿದೆ. ಅಕ್ಕ ಎರಡು ದಿನ ಮಾತು ಬಿಟ್ಟಳು, ಮೂರನೆಯ ದಿನ ಆ ದರ್ಜಿಯಮ್ಮನ ಮನೆಗೆ ಬುತ್ತಿ ಕಟ್ಟಿಕೊಂಡು ಹೊರಟಳು. ಸಂಜೆಗಳಲ್ಲಿ ನಾವಿಬ್ಬರೂ ಅಲ್ಲಿ ಕೂತು ಲಂಗಗಳಿಗೆ ಕೊಕ್ಕೆ ಹೊಲಿದೆವು. ನನ್ನ ಕೊಕ್ಕೆಗಳನ್ನು ಆಕೆ ಎಷ್ಟೋ ಸಲ ಬಿಚ್ಚಿಸಿ ಮತ್ತೆ ಹೊಲಿಸಿದರು. ಕಾಲಿನಿಂದ ಮೆಷಿನ್ನು ತುಳಿಯಲಾಗದೆಂದು ಡಾಕ್ಟರು ಹೇಳಿದಾಗ, ನೀವು ಒಂದು ಭಾನುವಾರ ಕೂತು ಅದಕ್ಕೆ ಮೋಟಾರು ಕೂರಿಸಿ ಕೈಗೆಟಕುವ ಸ್ವಿಚ್ಚು ಇಟ್ಟಿರಿ. ಕ್ಷಮಿಸಿದೆ ಎಂದು ಆಕೆ ಇವತ್ತಿಗೂ ಹೇಳಿಲ್ಲ. ನಾನೂ ಕೇಳಿಲ್ಲ. ಹೋದ ತಿಂಗಳು ನನ್ನ ರವಿಕೆಯ ಅಳತೆ ತೆಗೆಯುತ್ತ, "ದಪ್ಪ ಆಗಿದೀಯ, ನಡೆದಾಡು" ಎಂದರು. ಅದನ್ನು ನಾನು ನನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡೆ.

ಲೈಸೆನ್ಸು ಕೈಗೆ ಬಂದ ದಿನ ನೀವು ಕೀಲಿಯನ್ನು ನನ್ನತ್ತ ಎಸೆದು ಪಕ್ಕದ ಸೀಟಿಗೆ ಹೋಗಿ ಕೂತಿರಿ. ಬೇರೆ ಯಾರೇ ಓಡಿಸಿದರೂ ಕಾಲಿನಿಂದ ಇಲ್ಲದ ಬ್ರೇಕು ಒತ್ತುತ್ತ, "ನಿಧಾನ, ನಿಧಾನ" ಎಂದು ತಲೆ ತಿನ್ನುವವರು ನೀವು. ಅಕ್ಕ ಆ ಕಾಟಕ್ಕೇ ಡ್ರೈವಿಂಗ್ ಬಿಟ್ಟಳು. ಅವತ್ತೂ ಹಾಗೇ ಇರುತ್ತದೆಂದು ನಾನು ಹಲ್ಲು ಕಚ್ಚಿಕೊಂಡು ಗೇರು ಹಾಕಿದೆ. ಎರಡನೆಯ ತಿರುವು ದಾಟಿ ನೋಡಿದರೆ ನಿಮ್ಮ ತಲೆ ಕಿಟಕಿಗೆ ಒರಗಿತ್ತು. ಬಾಯಿ ಅರೆ ತೆರೆದು ಗೊರಕೆ ಹೊಡೆಯುತ್ತಿದ್ದಿರಿ. ಮನೆ ಬಂದರೂ ಎಬ್ಬಿಸಲು ಮನಸ್ಸಾಗದೆ, ಮೂವತ್ತರ ವೇಗದಲ್ಲಿ ಊರನ್ನು ಇನ್ನೊಂದು ಸುತ್ತು ಹಾಕಿದೆ.

ನಿಮ್ಮ ಗಂಟಲು ಬೇಗ ವಾಸಿಯಾಗಲಿ, ಆ ದನಿ ಮೊದಲಿನ ಹಾಗೇ ಮನೆ ತುಂಬಲಿ ಎಂದು ಹಾರೈಸುತ್ತ, ನೂರು ವರ್ಷ ಬಾಳಿ ಎಂದು ಬೇಡುತ್ತ,

ನಿಮ್ಮ ನಾದಿನಿ