ಎಂಜಿನ್ ನಿಂತರೆ ಅಳುವ ಮಗು

ಉಪ್ಪಳ
12-10-2008

ಪ್ರೀತಿಯ ಮಗಳು ದೀಕ್ಷಿತಾಳಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ನಾನೂ ಅಮ್ಮನೂ ಚೆನ್ನಾಗಿದ್ದೇವೆ. ನಿನ್ನ ಕಾಗದಕ್ಕೆ ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಮಳೆ ಬಿಟ್ಟದ್ದೇ ಕೆಂಪುಕಲ್ಲಿನ ಲೋಡು ಶುರುವಾಯಿತು. ಮನೆಗೆ ಬಂದರೆ ಊಟ, ನಿದ್ದೆ, ಅಷ್ಟೇ. ಇವತ್ತು ಅಮ್ಮ ಪೆನ್ನು ಕೈಗೆ ಕೊಟ್ಟು ಎದುರಿಗೇ ಕೂತಿದ್ದಾಳೆ. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿಯುವ ನಿನಗೆ ಹೇಳಲೇಬೇಕಾದ ಸುದ್ದಿಯೊಂದು ಉಂಟು.

ನಮ್ಮ ಲಾರಿಯ ಗಲಾಟೆ ನಿನಗೆ ಗೊತ್ತಲ್ಲ. ಹಳೆಯ ಡೀಸೆಲ್ ಎಂಜಿನ್, ಅದೂ ನನ್ನ ಸೀಟಿನ ಮಗ್ಗುಲಲ್ಲೇ. ಈಗ ಮೊದಲಿಗಿಂತ ಜಾಸ್ತಿ. ಧಣಿ ಉಗ್ಗಪ್ಪಣ್ಣ "ಇದನ್ನು ಗುಜರಿಗೆ ಹಾಕುವ" ಎನ್ನುತ್ತಲೇ ಇದ್ದರು.

ಹೋದ ತಿಂಗಳು ಕಾರಡ್ಕದಲ್ಲಿ ಕಲ್ಲು ತುಂಬಿಸಿಕೊಂಡು ಬರುವಾಗ ದಾರಿಯಲ್ಲಿ ಒಂದು ಜೀಪು ಕೆಟ್ಟು ನಿಂತಿತ್ತು. ಒಳಗೆ ಗಂಗಾ ಎಂಬ ಹುಡುಗಿ, ಹೆರಿಗೆ ನೋವಿನಲ್ಲಿ. ಅವಳ ಅತ್ತೆ ಪರಮೇಶ್ವರಿಯಮ್ಮ ರಸ್ತೆಗೆ ಅಡ್ಡ ನಿಂತು ಕೈಮುಗಿದರು. ಇಬ್ಬರನ್ನೂ ಹತ್ತಿಸಿಕೊಂಡು ಕಾಸರಗೋಡಿಗೆ ಹೊರಟೆ.

ಬೋವಿಕ್ಕಾನ ದಾಟುವಾಗ ಪರಮೇಶ್ವರಿಯಮ್ಮ ಎಂತದೋ ಬೊಬ್ಬೆ ಹೊಡೆದರು. ಬೇಗ ಹೋಗಲು ಹೇಳುತ್ತಿದ್ದಾರೆಂದು ನಾನು ಇನ್ನೂ ಜೋರಾಗಿ ಬಿಟ್ಟೆ. ಬೆನ್ನಿಗೊಂದು ಗುದ್ದು ಬಿತ್ತು.

"ನಿಲ್ಲಿಸಿ ಮಾರಾಯ್ರೆ, ಮಗು ಬಂತು!"

ಬದಿಗೆ ನಿಲ್ಲಿಸಿ ಹಾರಿ ಇಳಿದೆ. ಟರ್ಪಾಲು ಬಿಚ್ಚಿ ಬಾಗಿಲಿಗೆ ಮರೆ ಕಟ್ಟಿದೆ. ಹತ್ತಿರದ ಮನೆಯ ಹೆಂಗಸರು ಬಿಸಿನೀರು, ಹಳೆ ಸೀರೆ ತಂದರು. ನಾನು ಹೊರಗೆ ಅತ್ತಿತ್ತ ತಿರುಗುತ್ತಿದ್ದೆ, ನೀನು ಹುಟ್ಟಿದ ದಿನದ ಹಾಗೆಯೇ. ಹೆಣ್ಣು ಮಗು!

ಮುಖ ಕೆಂಪು ಮಾಡಿಕೊಂಡು ಅದು ಅತ್ತದ್ದೇ ಅತ್ತದ್ದು. ಲಾರಿ ಸ್ಟಾರ್ಟ್ ಮಾಡಿದರೆ ಬೆಚ್ಚಿಬೀಳುತ್ತದೆಂದು ನನಗೆ ಹೆದರಿಕೆ. ಆದರೆ ಆಸ್ಪತ್ರೆ ತಲುಪಬೇಡವೇ? ಕೀ ತಿರುಗಿಸಿದೆ. ಇಡೀ ಗಾಡಿ ಗಡಗಡ ಅಲುಗಿತು, ಮಗು ಗಪ್‌ಚಿಪ್! ಆಸ್ಪತ್ರೆಯ ಅಂಗಳದಲ್ಲಿ ಎಂಜಿನ್ ನಿಲ್ಲಿಸಿದರೆ ಪುನಃ ಅಳು. ಸ್ಟಾರ್ಟ್ ಮಾಡಿದರೆ ನಿದ್ದೆ. ನರ್ಸ್ ಓಡಿ ಬಂದು "ಎಂತ ಶಬ್ದ ಇದು? ಬಂದ್ ಮಾಡಿ!" ಎಂದು ಕೈ ಬೀಸಿ ಬೈದರು. ಗಂಗಾ ನನ್ನ ಹಿಂದಿನ ಸೀಟಿನಿಂದ "ಬೇಡ ಅಣ್ಣಾ, ಈಗಷ್ಟೇ ಮಲಗಿದ್ದು" ಎಂದಳಂತೆ. ನರ್ಸಿಗೂ ನಗು ತಡೆಯಲಾಗಲಿಲ್ಲ.

ಮೊನ್ನೆ ತೊಟ್ಟಿಲಿಗೆ ಹಾಕುವ ದಿನ ನಮ್ಮನ್ನೂ ಕರೆದಿದ್ದರು, ಲಾರಿಯಲ್ಲೇ ಬರಬೇಕೆಂದು ಪರಮೇಶ್ವರಿಯಮ್ಮನ ಅಪ್ಪಣೆ. ಅಂಗಳದಲ್ಲಿ ನಾನು ಎಂಜಿನ್ ಓಡಿಸುತ್ತ ಕೂತೆ, ಒಳಗೆ ನಿನ್ನ ಅಮ್ಮ ತೊಟ್ಟಿಲು ತೂಗಿದಳು. ಪಾಯಸ ನನ್ನ ಸೀಟಿಗೇ ಬಂತು! ಉಗ್ಗಪ್ಪಣ್ಣ ಈಗ ಗುಜರಿಯ ಮಾತೇ ಎತ್ತುವುದಿಲ್ಲ. "ನಮ್ಮ ಲಾರಿಯಲ್ಲಿ ಹೆರಿಗೆ ಆದದ್ದು" ಎಂದು ಪೇಟೆಯಿಡೀ ಹೇಳಿಕೊಂಡು ತಿರುಗುತ್ತಾರೆ.

ಚೆನ್ನಾಗಿ ಓದು, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈಯಲ್ಲಿ ನೂರಾರು ಮಕ್ಕಳು ಸುಖವಾಗಿ ಭೂಮಿಗೆ ಬರಲಿ.

ನಿನ್ನ ಅಪ್ಪ,
ಲೋಕನಾಥ

ವಿ.ಸೂ.: ಅಮ್ಮ ಒಳಗೆ ಹೋದಳು, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದೂ ಮಂದ. ಇಷ್ಟು ವರ್ಷ ಎಂಜಿನ್ ಪಕ್ಕ ಕೂತದ್ದರಿಂದ ಆದದ್ದು, ಇನ್ನು ಸರಿಯಾಗುವುದಿಲ್ಲ ಎಂದರು ಡಾಕ್ಟರು. ಕಳೆದ ವಾರ ಫೋನಿನಲ್ಲಿ ನೀನು ತುಂಬ ಹೊತ್ತು ಎಂತದೋ ಕೇಳಿದೆ. ನಾನು "ಆಯ್ತು ಮಗಾ, ಆಯ್ತು" ಎಂದು ನಕ್ಕೆ. ನನಗೆ ಒಂದು ಮಾತೂ ಕೇಳಿಸಿರಲಿಲ್ಲ. ನೀನು ಕೇಳಿದ್ದು ಎಂತ ಮಗಾ? ಬರೆದು ಕಳುಹಿಸು.