ಹಳದಿ ದಾರ

ಪ್ರಿಯ ಲೈಲ್,

ಮಸ್ಕಿ ಎಂಬ ಆ ದೊಡ್ಡ ಮೀನಿನ ಗಾಳಕ್ಕೆ ಕಡುಹಸಿರು ಹೆಣೆದ ದಾರ ಬೇಕೆಂದು ನನ್ನ ಗಂಡ ಆರಿನ್ ನಿನ್ನ ಅಂಗಡಿಗೆ ಫೋನ್ ಮಾಡಿದ್ದಾನೆ. ಹಸಿರು ಮುಗಿದಿದೆ ಅಂತ ಹೇಳಿ ದಪ್ಪನೆಯ ಹಳದಿ ದಾರ ಕಳಿಸು.

"ಹಳದಿ ಕಂಡ್ರೆ ಮೀನು ನಕ್ಕೊಂಡು ಹೋಗ್ತದೆ ಕಣೇ" ಅಂತ ರೇಗುತ್ತಾನೆ. ರೇಗಲಿ. ನಮ್ಮ ಮದುವೆಯಾದಾಗಿನಿಂದ ಅವು ನಗುತ್ತಲೇ ಇವೆ.

ಕಳೆದ ತಿಂಗಳು ಅವನು ದೋಣಿಕಟ್ಟೆಯ ಮೇಲೆ ಎದೆ ಹಿಡಿದುಕೊಂಡು ಕೂತಿದ್ದ. ಅಡುಗೆಮನೆ ಕಿಟಕಿಯಿಂದ ನನಗೆ ಬಗ್ಗಿದ ಬೆನ್ನಷ್ಟೇ ಕಂಡಿತು. ಹಸಿರು ದಾರ ಆಡುತ್ತಿದೆಯೋ ನಿಂತಿದೆಯೋ ಅಷ್ಟು ದೂರಕ್ಕೆ ಕಾಣುವುದಿಲ್ಲವಲ್ಲ, ಗಾಳ ಎಳೆದುಕೊಳ್ಳುತ್ತಿದ್ದಾನೆ ಅಂದುಕೊಂಡು ಆಲೂಗಡ್ಡೆ ಸುಲಿಯುತ್ತಾ ನಿಂತಿದ್ದೆ.

ಅಂದಿನಿಂದ ಅವನು ಹೇಗಿದ್ದಾನೆಂದು ನೋಡಲು ಒಲೆಗೂ ಬಾಗಿಲಿಗೂ ಓಡಿ ಓಡಿ ಕಾಲು ಸೋತಿದೆ. ಹೋಗಬೇಡ ಅಂದರೆ ಕೇಳುವವನಲ್ಲ. ದಾರ ಮೀನಿಗೆ ಕಾಣಿಸಿದರೆ ಕಾಣಿಸಲಿ, ನನಗೂ ಕಾಣಿಸಬೇಕು.

ಇಂತಿ,
ವರ್ನಾ