ನಿಂಬೆಹಣ್ಣಿನ ಮೇಲೆ ತಳ್ಳಿದ ಕಾರು

ಚಿಕ್ಕಬಳ್ಳಾಪುರ, ಆಸ್ಪತ್ರೆಯ ವರಾಂಡ
14 ಅಕ್ಟೋಬರ್ 2025, ಮಂಗಳವಾರ

ಪ್ರೀತಿಯ ತಮ್ಮ ಮುರಳಿಮೋಹನನಿಗೆ ಅಣ್ಣನ ಆಶೀರ್ವಾದ.

ಹೋದ ಬುಧವಾರ, ಎಂಟನೇ ತಾರೀಕು, ಮಧ್ಯಾಹ್ನ ಎರಡೂಕಾಲು ಗಂಟೆಗೆ, ಮಂಚೇನಹಳ್ಳಿ ದಾಟಿದ ಮೇಲೆ ಸಿಗುವ ಏರಿನಲ್ಲಿ ನಿನ್ನ ಹೆಂಡತಿಗೂ ಮಗುವಿಗೂ ಒಂದು ಅನ್ಯಾಯವಾಯಿತು. ಅದನ್ನು ಬರೆಯುವ ಮುಂಚೆ ನಿನ್ನ ಆರೋಗ್ಯ ಕೇಳಬೇಕು. ಗಡಿಯ ಆ ಎತ್ತರದಲ್ಲಿ ಉಸಿರು ಕಟ್ಟುತ್ತದೆ ಎಂದು ನೀನು ಹೇಳಿದ್ದೆ, ಈಗ ಹೇಗಿದ್ದೀಯ? ಅಮ್ಮ ಕಳಿಸಿದ ಚಟ್ನಿಪುಡಿ ತಲುಪಿತೇ? ಕೈ ಮರಗಟ್ಟುವ ಚಳಿಯಲ್ಲಿ ಸೇನೆಯ ಲಾರಿಗಳ ಕೆಳಗೆ ಮಲಗಿ ಕೆಲಸ ಮಾಡುವವನು ನೀನು. ಎರಡು ಜೊತೆ ಉಣ್ಣೆ ಕಾಲುಚೀಲ ಹಾಕಿಕೋ. ಕವಿತ ಎದ್ದು ಓಡಾಡುತ್ತಿದ್ದಾಳೆ, ಗಂಜಿ ಬಿಟ್ಟು ಅನ್ನ ಊಟ ಮಾಡುತ್ತಿದ್ದಾಳೆ. ಅವಳ ಬಗ್ಗೆ ಹೆದರಬೇಡ.

ಮಗುವಿನ ವಿಷಯದಲ್ಲಿ ಮಾತ್ರ ಅಮ್ಮ ನಿನಗೆ ಅರ್ಧ ಹೇಳಿದ್ದಾಳೆ. ಫೋನು ಸಿಕ್ಕಿದ ಆ ಎರಡು ನಿಮಿಷದಲ್ಲಿ "ಹೆಣ್ಣು ಮಗು ಕಣಪ್ಪಾ, ಇಬ್ರೂ ಚೆನ್ನಾಗವ್ರೆ" ಅಂದಳು. ನಾನು ಪಕ್ಕದಲ್ಲೇ ನಿಂತಿದ್ದೆ. ನಿನ್ನ ಮಗಳು ಹುಟ್ಟಿದಾಗ ಅಳಲಿಲ್ಲ ಮುರಳಿ. ಇವತ್ತಿಗೆ ಆರು ದಿನ, ಇನ್ನೂ ಅತ್ತಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಮೂಗಿಗೆ ನಳಿಗೆ ಹಾಕಿ ಮಲಗಿಸಿದ್ದಾರೆ. ಉಸಿರಾಡುತ್ತಾಳೆ; ನಿನ್ನೆ ನರ್ಸಮ್ಮ ಅಂಗಾಲು ತಟ್ಟಿದಾಗ ಬೆರಳು ಮಡಚಿದಳು. ಹತ್ತು ದಿನ ಕಳೆಯದೆ ಏನೂ ಹೇಳಲಾರೆ ಎನ್ನುತ್ತಾರೆ ಡಾಕ್ಟರಮ್ಮ. ಹೆರಿಗೆಯಾದ ದಿನ ಅವರು ನನ್ನನ್ನು ಕೇಳಿದ್ದು ಒಂದೇ ಮಾತು: "ಗೌರಿಬಿದನೂರಿಂದ ಇಲ್ಲಿಗೆ ಬರೋಕೆ ಇಷ್ಟೊತ್ತು ಬೇಕೇನ್ರೀ?" ಇಷ್ಟೊತ್ತು ಯಾಕಾಯಿತೆಂದು ನಿನಗೆ ಹೇಳುವುದಕ್ಕೇ ಈ ಕಾಗದ.

ನಿನಗೆ ಗೊತ್ತಲ್ಲ, ಹುಳು ಮನೆಯೊಳಗಿದ್ದರೆ ನಾವು ಅಂಗಳದಲ್ಲಿ ಕಾರು ಸ್ಟಾರ್ಟ್ ಮಾಡುವುದಿಲ್ಲ. ರೇಷ್ಮೆಹುಳುವಿಗೆ ಹೊಗೆ ತಾಗಿದರೆ ಸೊಪ್ಪು ತಿನ್ನುವುದನ್ನೇ ಬಿಡುತ್ತದೆ ಎಂದು ಅಪ್ಪ ಬೀಡಿಯನ್ನೇ ಹೊಲದಾಚೆ ಸೇದುತ್ತಿದ್ದ. ಈ ಸಲ ಸೆಪ್ಟೆಂಬರ್ ಹದಿನೈದಕ್ಕೆ ಹುಳು ತಂದೆವು. ಅಂದಿನಿಂದ ಕಾರು ಬೇಲಿ ಪಕ್ಕ ಟಾರ್ಪಾಲು ಹೊದ್ದುಕೊಂಡು ನಿಂತಿತ್ತು, ಟ್ಯಾಂಕು ಅರ್ಧ. ಆ ಮೂರು ವಾರ ಬಿಟ್ಟು ಬಿಟ್ಟು ಮಳೆ. ಆಯುಧಪೂಜೆಯ ಹೊತ್ತಿಗೆ ಹುಳು ಪೊರೆ ಕಳಚುವ ನಾಲ್ಕನೇ ಜ್ವರ ಮುಗಿಸಿ ಎದ್ದು ಹಗಲೂ ರಾತ್ರಿ ಮೇಯುತ್ತಿದ್ದವು. ಹಾಗಾಗಿ ಕಾರಿಗೆ ಕುಂಕುಮವಿಟ್ಟು, ಚಕ್ರದಡಿ ನಿಂಬೆಹಣ್ಣಿಟ್ಟು, ಎಂಜಿನ್ ಹಚ್ಚದೆ ನಾವೇ ತಳ್ಳಿ ಅವನ್ನು ಹಿಸುಕಿದೆವು. ನಾನು ಹಿಂದೆ, ನಿನ್ನತ್ತಿಗೆ ಭಾನುಪ್ರಿಯಾ ಪಕ್ಕದಲ್ಲಿ. ಕವಿತ ಜಗುಲಿಯ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇ ನಕ್ಕಿದ್ದು. ಕಾರನ್ನು ಮೂರನೇ ಸೊಸೆ ಎನ್ನುವ ಅಮ್ಮ ಎಂದಿನಂತೆ, "ಇದ್ಯಾವ ಸೊಸೆ ಕಣೇ, ಬಾಗ್ಲು ದಾಟೋಕೂ ಜನ ತಳ್ಬೇಕು" ಅಂದಳು. ವಾರಕ್ಕೊಮ್ಮೆಯಾದರೂ ಸ್ಟಾರ್ಟ್ ಮಾಡಣ್ಣಾ ಎಂದು ನೀನು ಹೊರಡುವಾಗ ಹೇಳಿದ್ದು ಆ ಹೊತ್ತಿನಲ್ಲೂ ನೆನಪಿತ್ತು. ನಾನು ಮಾಡಲಿಲ್ಲ. ಹದಿನೇಳು ವರ್ಷದಿಂದ ಪ್ರತಿ ಬೆಳೆಗೂ ಅದು ಹೀಗೇ ನಿಂತಿದೆ, ಟಾರ್ಪಾಲು ತೆಗೆದ ದಿನ ಒಂದೇ ಸಲಕ್ಕೆ ಹೊರಟಿದೆ. ಅದೇ ಧೈರ್ಯ ನನಗೆ.

ಎಂಟನೇ ತಾರೀಕು ಹುಳುಗಳೆಲ್ಲ ಬಿದಿರಿನ ಚಂದ್ರಿಕೆ ತಟ್ಟೆ ಹತ್ತಿ ಗೂಡು ಕಟ್ಟುತ್ತಿದ್ದವು. ಬೆಳಿಗ್ಗೆ ಹತ್ತಕ್ಕೆ ಕವಿತಳಿಗೆ ನೋವು ಶುರುವಾಯಿತು. ಕಾರು ಒಂದೇ ಸಲಕ್ಕೆ ಹೊರಟಿತು, ಗೌರಿಬಿದನೂರು ಮುಟ್ಟಿತು. ಅಲ್ಲಿ ನೋಡಿದ ಡಾಕ್ಟರು, ಮಗುವಿನ ಎದೆಬಡಿತ ಇಳಿಯುತ್ತಿದೆ, ಆಪರೇಷನ್ ಆಗಬೇಕು, ಚಿಕ್ಕಬಳ್ಳಾಪುರಕ್ಕೆ ಹೊರಡಿ ಅಂದರು. ಆಂಬುಲೆನ್ಸು ಇನ್ನೊಬ್ಬರನ್ನು ಕರೆದುಕೊಂಡು ಹೋಗಿತ್ತು. ನಮ್ಮ ಕಾರಿದೆಯಲ್ಲ ಅಂದೆ. ಹೆಮ್ಮೆಯಿಂದ ಅಂದೆ ಮುರಳಿ. ಆ ಏರಿನಲ್ಲಿ ಅದು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಕೀಲಿ ತಿರುಗಿಸಿದೆ, ತಿರುಗಿಸಿದೆ, ಕೊನೆಗೆ ಬ್ಯಾಟರಿಯೂ ಸತ್ತಿತು. ಹಿಂದಿನ ಸೀಟಿನಲ್ಲಿ ಭಾನುಪ್ರಿಯಾಳ ತೊಡೆಯ ಮೇಲೆ ಕವಿತ. ಕೈ ಅಡ್ಡ ಹಿಡಿದರೆ ಒಂದು ಕಾರೂ ನಿಲ್ಲಲಿಲ್ಲ. "ಭಾವಾ, ತಳ್ಳಿ ಭಾವಾ" ಅಂದಳು ಕವಿತ. ಅವತ್ತು ನಿಂಬೆಹಣ್ಣಿನ ಮೇಲೆ ತಳ್ಳಿದ್ದನ್ನು ನೋಡಿದ್ದಳಲ್ಲ. ಆ ಮಾತು ಕಿವಿಯಿಂದ ಹೋಗುತ್ತಿಲ್ಲ. ಐವತ್ತು ನಿಮಿಷವಾದ ಮೇಲೆ ಶಿಡ್ಲಘಟ್ಟದಲ್ಲಿ ಗೂಡು ಇಳಿಸಿ ಗೌರಿಬಿದನೂರಿಗೆ ವಾಪಸಾಗುತ್ತಿದ್ದ ಟೆಂಪೋ ನಿಂತಿತು. ಡ್ರೈವರ್ ಕೋನಪ್ಪ ಅಂತ, ಬಾಗೇಪಲ್ಲಿ ಕಡೆಯವನು. ಗಾಡಿ ತಿರುಗಿಸಿ, ತೆಲುಗು ಬೆರೆಸಿ, "ಎಕ್ಕಮ್ಮಾ ಎಕ್ಕು, ಹತ್ತಿಸ್ರಣ್ಣಾ ಬೇಗ" ಅಂದ. ಗೂಡಿನ ಖಾಲಿ ಚೀಲಗಳ ಮೇಲೆ ಮಲಗಿ ನಿನ್ನ ಹೆಂಡತಿ ಈ ಆಸ್ಪತ್ರೆಗೆ ಬಂದಳು.

ಮಾರನೆಯ ದಿನ ಮೆಕ್ಯಾನಿಕ್ ನಲ್ಲಪ್ಪ ಕಾರನ್ನು ಗೌರಿಬಿದನೂರಿಗೆ ಎಳೆಸಿಕೊಂಡು ಹೋಗಿ ಟ್ಯಾಂಕು ಬಿಚ್ಚಿದ. ತಳದಲ್ಲಿದ್ದುದನ್ನು ಒಂದು ನೀರಿನ ಬಾಟಲಿಗೆ ಹಿಡಿದು ನನ್ನ ಕಣ್ಣೆದುರು ಇಟ್ಟ. ಮೇಲೆ ಪೆಟ್ರೋಲು, ಕೆಳಗೆ, ಗೆರೆ ಎಳೆದಂತೆ ಬೇರೆಯಾಗಿ, ಎಥನಾಲ್ ಬೆರೆತ ನೀರು. ಸಮರಸ್ತೆಯಲ್ಲಿ ಹೇಗೋ ಓಡಿದ ಕಾರು, ಏರಿನಲ್ಲಿ ಆ ನೀರು ಪೈಪಿಗೆ ನುಗ್ಗಿದ್ದಕ್ಕೆ ನಿಂತಿತಂತೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್, ಅದು ತೇವ ಹೀರುತ್ತೆ, ಅರ್ಧ ಟ್ಯಾಂಕಿನಲ್ಲಿ ಮಳೆಗೆ ವಾರಗಟ್ಟಲೆ ನಿಲ್ಲಿಸಿದರೆ ಹೀಗಾಗಬಹುದು, ಬಂಕಿನಿಂದಲೇ ಸ್ವಲ್ಪ ನೀರು ಬಂದಿದ್ದರೂ ಬಂದಿರಬಹುದು ಅಂದ. ನೀನು ಹಾಕಿದ್ದ ರಬ್ಬರ್ ಪೈಪು ಒಳಗೆ ಬೆಲ್ಲದ ಪಾಕದಂತೆ ಅಂಟಂಟಾಗಿತ್ತು. ಹಳೇ ಗಾಡಿಗಳ ರಬ್ಬರು ಇದಕ್ಕೆ ಮಾಡಿದ್ದಲ್ಲವಂತೆ. "ವಾರ ವಾರ ಸ್ಟಾರ್ಟ್ ಮಾಡಿ ನಿಲ್ಸಿದ್ರೂ ನೀರು ನೀರೇ ಸಾರ್, ನೀವು ಅಳ್ಬೇಡಿ" ಅಂದ. ಅಳುತ್ತಿದ್ದೆನೆಂದು ನನಗೆ ಆಗಲೇ ಗೊತ್ತಾದದ್ದು.

ನಗರಗೆರೆ ಗ್ರಂಥಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ದಿನಪತ್ರಿಕೆ ಜೋಡಿಸಿಡುವವನು ನಾನು. ಎಥನಾಲ್ ಸುದ್ದಿಯನ್ನೂ ಓದಿದ್ದೆ. ಹೊರದೇಶದ ಎಣ್ಣೆ ಕಡಿಮೆಯಾಗುತ್ತದೆ, ಕಬ್ಬಿಗೆ, ಮುಸುಕಿನ ಜೋಳಕ್ಕೆ ಬೆಲೆ ಬರುತ್ತದೆ ಎಂದು ಓದಿ ಒಳ್ಳೆಯದೇ ಅಂದುಕೊಂಡೆ. ನಮ್ಮ ತಾಲ್ಲೂಕೆಲ್ಲ ಮುಸುಕಿನ ಜೋಳವೇ ತಾನೇ? ಈಗಲೂ ಅದನ್ನು ಬೇಡ ಎನ್ನುವವನಲ್ಲ. ಆದರೆ ಸೀಸವಿಲ್ಲದ ಪೆಟ್ರೋಲು ಹೊಸದಾಗಿ ಬಂದ ಕಾಲ ನನಗೆ ನೆನಪಿದೆ. ಬೇರೆ ಪಂಪು, ಬೇರೆ ಬೋರ್ಡು, ಯಾವ ಗಾಡಿಗೆ ಯಾವುದು ಎಂದು ಕೇಳಿ ಹಾಕುತ್ತಿದ್ದರು. ಈ ಸಲ ನಮ್ಮನ್ನು ಯಾರು ಕೇಳಿದರು? ಬಾಟಲಿ ಹಿಡಿದುಕೊಂಡು ಬಂಕಿಗೆ ಹೋದೆ. "ಎಲ್ಲಾ ಕಡೆ ಇದೇ ಸಾರ್, ಬೇರೆ ಎಲ್ಲಿ ಸಿಗತ್ತೆ ತೋರ್ಸಿ ನೋಡಣ" ಅಂದ ಮ್ಯಾನೇಜರು. ಒಂದು ಕಚೇರಿಗೆ ಹೋದರೆ ಇನ್ನೊಂದನ್ನು ತೋರಿಸಿದರು, ಅಲ್ಲಿ ಮತ್ತೊಂದನ್ನು. ಮೂರನೆಯ ಕಡೆ ಗುಮಾಸ್ತ ಬಾಟಲಿ ನೋಡಿ, ಇದನ್ನು ಒಳಗೆ ತರಬೇಡಿ, ಬೆಂಕಿ ಹತ್ತುತ್ತದೆ ಅಂದ.

ನರ್ಸಮ್ಮ ಕರೆಯುತ್ತಿದ್ದಾರೆ, ಮಗುವಿಗೆ ಹಾಲು ಕೊಡುವ ಹೊತ್ತು, ನಳಿಗೆಯಲ್ಲೇ. ಅಮ್ಮ, ನಿನ್ನತ್ತಿಗೆ, ಕವಿತ ಎಲ್ಲರೂ ನಿನ್ನನ್ನು ನೆನೆಯುತ್ತಾರೆ. ರಜೆ ಸಿಗುವುದಾದರೆ ಕೇಳು. ನೀನು ಸುಖವಾಗಿರು, ನಿನ್ನ ಮಗಳ ಅಳು ನಿನ್ನ ಕಿವಿಗೆ ಬೀಳಲಿ.

ನಿನ್ನ ಅಣ್ಣ,
ಮೋಹನ್‌ಬಾಬು

ಮತ್ತೆ: ಹೇಳಬೇಕಾದ್ದನ್ನು ಹೇಳದೆ ಸಹಿ ಹಾಕಿಬಿಟ್ಟೆ. ನವೆಂಬರ್ ಹತ್ತು, ಸೋಮವಾರ, ತಾಲ್ಲೂಕು ಕಚೇರಿಯಲ್ಲಿ ಜನರ ಅಹವಾಲು ಕೇಳುವ ಸಭೆಯಿದೆ. ಬಾಟಲಿಯನ್ನು ಅಧಿಕಾರಿಗಳ ಮೇಜಿನ ಮೇಲೆ ಇಡುತ್ತೇನೆ. ಕಾರು ನಿನ್ನ ಹೆಸರಿನಲ್ಲಿದೆ. ಎಂಜಿನ್ ಬಲ್ಲವನೂ ನೀನೇ. ಅದಕ್ಕೆ ಮುಂಚೆ ತಲುಪುವಂತೆ ನಿನ್ನ ಕೈಬರಹದಲ್ಲಿ ನಿನ್ನ ತೀರ್ಮಾನ ಬರೆದು ಕಳಿಸು. ನಿನ್ನ ಮಾತು ಕೇಳದ ಅಣ್ಣನದೇ ತಪ್ಪು ಎಂದು ಅನ್ನಿಸಿದರೆ ಹಾಗೇ ಬರೆ. ಅದನ್ನೂ ಎಲ್ಲರ ಮುಂದೆ ನಾನೇ ಓದುತ್ತೇನೆ, ಅಮ್ಮನ ಮುಂದೆಯೂ. ಓದಿ ಮುಗಿದ ಮೇಲೆ ಆ ಅಧಿಕಾರಿಗಳು ನನಗಲ್ಲ, ಅಲ್ಲಿ ಕೂತ ಅಷ್ಟೂ ಜನಕ್ಕೆ ಕೇಳುವಂತೆ ಉತ್ತರ ಹೇಳಬೇಕು: ಪೆಟ್ರೋಲು ಬದಲಾದದ್ದು ಗೊತ್ತಿದ್ದೂ, ಹಳೇ ಗಾಡಿಯವರು ಏನು ಮಾಡಬೇಕು, ಏನು ಮಾಡಬಾರದು ಎಂದು ಒಂದೇ ಒಂದು ಸಾಲು ಕನ್ನಡದಲ್ಲಿ ಬರೆದು ಆ ಪಂಪಿನ ಮೇಲೆ ಯಾಕೆ ಅಂಟಿಸಲಿಲ್ಲ?